ಬಟ್ಟೆಯ ನಾಳಕ್ಕೊಂದು ಅಳತೆಗೋಲು

ಕಾಗದದ ಬಲವನ್ನು ಅಳೆಯಲು ಒಂದು ಸರಳ ಪರೀಕ್ಷೆಯಿದೆ. ಹಾಳೆಯನ್ನು ಬಿಗಿಯಾಗಿ ಹಿಡಿದು, ಅದರ ಕೆಳಗಿನ ರಬ್ಬರ್ ಪೊರೆಯನ್ನು ಉಬ್ಬಿಸುತ್ತಾ ಹೋಗಬೇಕು. ಎಷ್ಟು ಒತ್ತಡಕ್ಕೆ ಹಾಳೆ ಒಡೆಯಿತೆಂದು ಬರೆದಿಡಬೇಕು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಬಳಿಕ ಕಾಗದದ ಊರೆಂದೇ ಹೆಸರಾದ ದಾಂಡೇಲಿಗೆ ಇಂತಹ ಪರೀಕ್ಷೆಗಳು ಹೊಸತಲ್ಲ. ಇದೇ ಪರೀಕ್ಷೆ ಇಂದು ಮನುಷ್ಯನ ದೇಹದೊಳಗೆ ಜೋಡಿಸುವ ಕೃತಕ ರಕ್ತನಾಳಕ್ಕೂ ಇದೆ. ಆದರೆ ಬರೆಯುವ ಹಾಳೆಗೆ ಮೊದಲೇ ಸಿಕ್ಕಿದ್ದ ಈ ಎಚ್ಚರಿಕೆ ಜೀವ ಉಳಿಸುವ ನಾಳಕ್ಕೆ ಸಿಗಲು ದಶಕಗಳೇ ಹಿಡಿದವು.

ಹೃದಯದಿಂದ ಹೊರಡುವ ಮಹಾಪಧಮನಿ ಉಬ್ಬಿ ಒಡೆಯುವಂತಾದಾಗ, ಅಪಘಾತದಲ್ಲಿ ರಕ್ತನಾಳ ತುಂಡಾದಾಗ, ಕಾಲಿನ ನಾಳ ಮುಚ್ಚಿಹೋದಾಗ ವೈದ್ಯರು ಕೃತಕ ನಾಳ ಜೋಡಿಸುತ್ತಾರೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ಕೆಲವರ ತೋಳಿನಲ್ಲೂ ಅದಿರುತ್ತದೆ.

ಇದರ ಹುಟ್ಟು ಬಟ್ಟೆಯಿಂದ. ನ್ಯೂಯಾರ್ಕಿನ ವೈದ್ಯ ಆರ್ಥರ್ ವೂರೀಸ್, ನಾಯಿಯ ಹೃದಯದೊಳಗೆ ಉಳಿದಿದ್ದ ರೇಷ್ಮೆ ದಾರದ ಮೇಲೆ ನುಣುಪಾದ ಪೊರೆ ಬೆಳೆದಿರುವುದನ್ನು ಕಂಡರು. ದಾರಕ್ಕೆ ಪೊರೆ ಬರುವುದಾದರೆ ಬಟ್ಟೆಗೇಕೆ ಬಾರದು? ವೈನಿಯಾನ್ ಎಂಬ ಬಟ್ಟೆಯ ಕೊಳವೆಗಳನ್ನು ಹೊಲಿದು ಪ್ರಯೋಗ ನಡೆಸಿ, 1952ರಲ್ಲಿ ಸಂಗಡಿಗರೊಂದಿಗೆ ಅದರ ವರದಿ ಪ್ರಕಟಿಸಿದರು. ಅತ್ತ ಹ್ಯೂಸ್ಟನ್ನಿನಲ್ಲಿ ಲೆಬನಾನ್ ಮೂಲದ ದಂಪತಿಯ ಮಗ ಮೈಕೆಲ್ ಡಿಬೇಕಿ ಅಂಗಡಿಯಿಂದ ಡೇಕ್ರಾನ್ ಬಟ್ಟೆ ತಂದು ಮನೆಯ ಹೊಲಿಗೆ ಯಂತ್ರದಲ್ಲೇ ನಾಳ ಹೊಲಿದರು. ಹೊಲಿಗೆ ಅವರು ತಾಯಿಯಿಂದ ಕಲಿತ ವಿದ್ಯೆ.

ಈ ಸಾಹಸವನ್ನು ನಾವು ಮೆಚ್ಚುತ್ತೇವೆ. ಆದರೆ ಆಗ ಯಾವ ಬಟ್ಟೆ ಎಷ್ಟು ಕಾಲ ಬಾಳುತ್ತದೆಂದು ಹೇಳುವವರಿರಲಿಲ್ಲ. ನೈಲಾನ್ ದೇಹದೊಳಗೆ ಕಾಲಕ್ರಮೇಣ ಬಲ ಕಳೆದುಕೊಳ್ಳುತ್ತಿತ್ತು. ಅದು ತಿಳಿದದ್ದು ಬಳಸಿದ ಮೇಲೆ! ಕೊನೆಗೆ ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘವೇ ಸಮಿತಿ ರಚಿಸಿ ಅನುಭವಗಳನ್ನು ಕಲೆಹಾಕಿತು. ಅದರ ವರದಿ 1957ರಲ್ಲಿ ಹೊರಬಂತು. 1961ರಲ್ಲಿ ವೆಸೊಲೋವ್‌ಸ್ಕಿ ಮತ್ತು ಸಂಗಡಿಗರು ಬಟ್ಟೆಯ ಸೂಕ್ಷ್ಮ ರಂಧ್ರಗಳ ಮಹತ್ವವನ್ನು ತೋರಿಸಿದರು. ನೇಯ್ಗೆ ಸಡಿಲವಾದರೆ ರಕ್ತ ಸೋರುತ್ತದೆ, ತೀರಾ ಬಿಗಿಯಾದರೆ ಅಂಗಾಂಶ ಬೆಳೆದು ಹೊಂದಿಕೊಳ್ಳುವುದಿಲ್ಲ. ಹೀಗಾಗಿ 120 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಒಂದು ಚದರ ಸೆಂಟಿಮೀಟರಿನ ಮೂಲಕ ನಿಮಿಷಕ್ಕೆ ಎಷ್ಟು ನೀರು ಸೋರುತ್ತದೆ ಎಂಬುದೇ ಅಳತೆಯಾಯಿತು. 1970ರ ದಶಕದಲ್ಲಿ ಬಂದ ಟೆಫ್ಲಾನ್ ಜಾತಿಯ ಹೊಸ ನಾಳಗಳಲ್ಲಿ ಕೆಲವು ಉಬ್ಬಿಕೊಂಡವು. ಅವಕ್ಕೆ ಹೊರಗಿನಿಂದ ಬಲವಾದ ಪದರ ಸುತ್ತಬೇಕಾಯಿತು.

1976ರಲ್ಲಿ ಅಮೆರಿಕ ವೈದ್ಯಕೀಯ ಸಾಧನಗಳಿಗೆ ಕಾನೂನು ತಂದಿತು. 1986ರಲ್ಲಿ ಅಲ್ಲಿ ಕೃತಕ ನಾಳಗಳ ಮಾನದಂಡ ಸಿದ್ಧವಾಯಿತು. 1998ರಲ್ಲಿ ಐಎಸ್‌ಒ 7198 ಎಂಬ ಅಂತಾರಾಷ್ಟ್ರೀಯ ಮಾನದಂಡ ಬಂತು; 2016ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಎಷ್ಟು ಒತ್ತಡಕ್ಕೆ ಒಡೆಯುತ್ತದೆ, ಎಷ್ಟು ಸೋರುತ್ತದೆ, ಹೊಲಿಗೆ ಎಳೆದರೆ ಅಂಚು ಹರಿಯುತ್ತದೆಯೇ, ಬಾಗಿಸಿದರೆ ಮಡಚಿಕೊಳ್ಳುತ್ತದೆಯೇ ಎಂಬುದಕ್ಕೆಲ್ಲ ಅದರಲ್ಲಿ ಪರೀಕ್ಷೆಗಳಿವೆ. ಒಂದೊಂದು ಪರೀಕ್ಷೆಯ ಹಿಂದೆಯೂ ಯಾರೋ ಪಟ್ಟ ನೋವಿದೆ. ಆ ನೋವನ್ನು ಬರೆದಿಟ್ಟವರಿದ್ದಾರೆ.

ನಮ್ಮ ದೇಶ ತಡವಾಗಿ ಎಚ್ಚೆತ್ತಿತು. ಸ್ಟೆಂಟ್, ಹೃದಯ ಕವಾಟ ಹಾಗೂ ದೇಹದೊಳಗೆ ಅಳವಡಿಸುವ ಕೃತಕ ಭಾಗಗಳನ್ನು 2005ರ ಅಕ್ಟೋಬರ್‌ನಲ್ಲಿ ಔಷಧ ಕಾನೂನಿನಡಿ ತರಲಾಯಿತು. ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2015ರಲ್ಲಿ ಆರಂಭವಾಯಿತು. 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದವು.

ಇಷ್ಟಾದರೆ ಸಾಕೇ? ಜೋಯಿಡಾದ ಕಾಡಿನ ಹಳ್ಳಿಯವರಾಗಲಿ, ಹಳಿಯಾಳ, ಮುಂಡಗೋಡದವರಾಗಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ದಾರಿ ಹಿಡಿಯಬೇಕು. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾಗಿ ಎದ್ದದ್ದು ಸುಮ್ಮನೆ ಅಲ್ಲ. ನಾಳ ಜೋಡಿಸಿಕೊಂಡು ಊರಿಗೆ ಮರಳಿದವರಿಗೆ ಎರಡು ವರ್ಷದ ಮೇಲೆ ಕಾಲು ಊದಿದರೆ, ಜ್ವರ ಬಂದರೆ ಮೊದಲು ನೋಡುವವರು ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರು. ಒಳಗಿರುವುದು ಯಾವ ಕಂಪೆನಿಯ ಯಾವ ನಾಳವೆಂದು ಅವರಿಗೆ ತಿಳಿಯುವ ಬಗೆ ಹೇಗೆ? ತಿಳಿಯದಿದ್ದರೆ ಆ ತೊಂದರೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಲೆಕ್ಕಕ್ಕೆ ಸೇರದ ನೋವಿನಿಂದ ಮಾನದಂಡವೂ ಏನನ್ನೂ ಕಲಿಯುವುದಿಲ್ಲ.

ಆದ್ದರಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ನಾಳದ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಜೋಡಿಸಿದ ದಿನಾಂಕ ಇರುವ ಒಂದು ಚೀಟಿ. ಅದನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳೋಣ. ಪ್ರಯೋಗಶಾಲೆಯ ಅಳತೆಗೋಲು ಬಡವರ ಮನೆಯವರೆಗೆ ತಲುಪುವುದು ಇಂತಹ ಒಂದು ಕಾಗದದ ಮೂಲಕವೇ.