ಒಂದು ಮೈದಾನ, 64 ಸೈಟು: ಊರಿನ ಫುಟ್ಬಾಲ್ ಕ್ಲಬ್‌ಗಳು ಹುಟ್ಟೋದು ಹೇಗೆ, ಸಾಯೋದು ಯಾಕೆ?

ಬೆಂಗಳೂರು ಫುಟ್ಬಾಲ್ ಅಂದ ಕೂಡಲೇ ನಮ್ಮ ವಯಸ್ಸಿನ ಬಹುತೇಕರಿಗೆ ನೆನಪಾಗೋದು ಕಂಠೀರವ ಸ್ಟೇಡಿಯಂ, ನೀಲಿ ಜೆರ್ಸಿ, ಸುನಿಲ್ ಛೆಟ್ರಿ. ಬೆಂಗಳೂರು ಎಫ್‌ಸಿ ಶುರುವಾಗಿದ್ದು 2013ರಲ್ಲಿ. ಅದಕ್ಕೂ 76 ವರ್ಷ ಮೊದಲು, 1937ರಲ್ಲಿ, ಇದೇ ಊರಿನ ತಂಡವೊಂದು ಬಾಂಬೆಗೆ ಹೋಗಿ ದೇಶದ ದೊಡ್ಡ ಟೂರ್ನಿಯೊಂದನ್ನು ಗೆದ್ದು ಬಂದಿತ್ತು. ಆ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಅದರ ಹಿಂದೆ ಕಾರ್ಪೊರೇಟ್ ಮಾಲೀಕರಿರಲಿಲ್ಲ, ಟಿವಿ ಹಕ್ಕಿನ ದುಡ್ಡೂ ಇರಲಿಲ್ಲ.

ನಾನು ದೊಡ್ಡಬಳ್ಳಾಪುರದವನು. ನಮ್ಮ ಕಡೆ ಮಗ್ಗದ ಸದ್ದು ಜೋರು, ಫುಟ್ಬಾಲ್ ಸದ್ದು ಕಡಿಮೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲೂ ಅಷ್ಟೇ: ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್‌ನದ್ದೇ ರಾಜ್ಯಭಾರ. ಮೂವತ್ತು ನಲವತ್ತು ಕಿಲೋಮೀಟರ್ ಆಚೆ ಒಲಿಂಪಿಕ್ಸ್ ಆಟಗಾರರನ್ನು ಕೊಟ್ಟ ಫುಟ್ಬಾಲ್ ಪರಂಪರೆ ಇದ್ದರೂ ನಮ್ಮ ಕಡೆಗೆ ಅದು ಯಾಕೆ ದಾಟಲಿಲ್ಲ? ಒಂದು ಹವ್ಯಾಸಿ ಕ್ಲಬ್ ಬದುಕೋಕೆ ಏನೇನು ಬೇಕು? ಕರ್ನಾಟಕದ ಎರಡು, ಉಕ್ರೇನಿನ ಎರಡು ತಂಡಗಳ ಚರಿತ್ರೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ.

ಹವ್ಯಾಸಿ ಕ್ಲಬ್ ಅಂದರೇನು?

ಆಟವೇ ಜೀವನೋಪಾಯ ಅಲ್ಲದವರು ಕಟ್ಟಿಕೊಂಡ ತಂಡವೇ ಹವ್ಯಾಸಿ ಕ್ಲಬ್. ಬೆಳಗ್ಗೆ ಗ್ಯಾರೇಜು, ಅಂಗಡಿ, ಕಾರ್ಖಾನೆ, ಸಂಜೆ ಮೈದಾನ. ಇಂಥ ಕ್ಲಬ್‌ಗೆ ಮೂರು ವಸ್ತು ಬೇಕು. ಒಂದು, ಆಡೋಕೆ ಜಾಗ. ಎರಡು, ಆಟಗಾರರಿಗೆ ಬಿಡುವು. ಮೂರು, ಚೆಂಡು, ಬೂಟು, ಬಸ್ ಚಾರ್ಜಿಗೆ ಒಂದಿಷ್ಟು ದುಡ್ಡು. ಈ ಮೂರನ್ನೂ ಯಾರು ಕೊಡ್ತಾರೆ ಅನ್ನೋದರ ಮೇಲೆ ಕ್ಲಬ್ ಯಾರದ್ದು ಅನ್ನೋದು ನಿರ್ಧಾರ ಆಗುತ್ತದೆ. ಮೊಹಲ್ಲಾ ಕೊಡಬಹುದು, ಕಾರ್ಖಾನೆ ಕೊಡಬಹುದು, ಒಬ್ಬ ಸಾಹುಕಾರ ಕೊಡಬಹುದು.

ಮೊಹಲ್ಲಾ ಕಟ್ಟಿದ ತಂಡ: ಬೆಂಗಳೂರು ಮುಸ್ಲಿಮ್ಸ್

ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಕಟ್ಟಿದರು. ಫುಟ್ಬಾಲ್ ಬಂದದ್ದು ಅಲ್ಲಿನ ಸಿಪಾಯಿಗಳ ಜೊತೆ. ರೆಜಿಮೆಂಟಿನವರು ಆಡೋದನ್ನು ಬೇಲಿಯಾಚೆ ನಿಂತು ನೋಡಿದ ಹುಡುಗರು ಆಟ ಕಲಿತರು. ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನ್ ಸುತ್ತಮುತ್ತ ತಮಿಳು, ಉರ್ದು ಮಾತಾಡುವ ದುಡಿಯುವ ಜನರ ಕೇರಿಗಳೇ ಇಲ್ಲಿನ ಫುಟ್ಬಾಲಿನ ತವರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಇವತ್ತಿಗೂ ಅಂಬೇಡ್ಕರ್, ಬುದ್ಧನ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಇದೆ. ಆಟ ಯಾರ ಕೈಯಲ್ಲಿ ಬೆಳೀತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಬಾಂಬೆಯ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ದಶಕಗಟ್ಟಲೆ ಅದು ಬ್ರಿಟಿಷ್ ಪಡೆಗಳ ಮನೆಹಬ್ಬದಂತೆ ನಡೆಯಿತು. 1923ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ಫೈನಲ್ ಮುಟ್ಟಿದರೂ ಡರ್ಹಮ್ ಲೈಟ್ ಇನ್‌ಫೆಂಟ್ರಿ ಎದುರು ಸೋತಿತು. ಕೊನೆಗೆ ಬೀಗ ಒಡೆದದ್ದು ಬೆಂಗಳೂರಿನವರು. 1937ರ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ಸೋಲಿಸಿದ್ದು ಆ ಕಾಲಕ್ಕೆ ಕಲ್ಕತ್ತಾ ಲೀಗನ್ನು ವರ್ಷ ವರ್ಷವೂ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗನ್ನು. ಹೀಗೆ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಅನ್ನೋ ಹೆಸರು ನಮ್ಮೂರಿಗೆ ಬಂತು. 1938ರಲ್ಲಿ ಮತ್ತೆ ಗೆದ್ದರು, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮೂರನೇ ಸಲ.

ಇವತ್ತಿನ ವಾತಾವರಣದಲ್ಲಿ ತಂಡದ ಹೆಸರು ಕೇಳಿಯೇ ಕೆಲವರು ಹುಬ್ಬು ಏರಿಸಬಹುದು. ಆದರೆ ಆ ಕಾಲದಲ್ಲಿ ಆಟದ ವ್ಯವಸ್ಥೆಯೇ ಹಾಗಿತ್ತು. ಬಾಂಬೆಯ ಹೆಸರಾಂತ ಕ್ರಿಕೆಟ್ ಟೂರ್ನಿಯಲ್ಲಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯುರೋಪಿಯನ್ನರು ಅಂತಲೇ ತಂಡ ಕಟ್ಟುತ್ತಿದ್ದರು. ಗಾಂಧೀಜಿ ಅದನ್ನು ಒಪ್ಪಲಿಲ್ಲ, 1946ಕ್ಕೆ ಆ ಟೂರ್ನಿ ನಿಂತೇ ಹೋಯಿತು. ಆ ಪದ್ಧತಿ ಟೀಕೆಗೆ ಅರ್ಹವೇ. ಆದರೂ ಒಂದು ಮಾತು ಮರೆಯಬಾರದು: ರೈಫಲ್ ಹಿಡಿದ ಆಳುವವರ ಕಪ್ಪನ್ನು ಮೊದಲು ಕಿತ್ತುಕೊಂಡ ಭಾರತೀಯರ ಪಟ್ಟಿಯಲ್ಲಿ ಬೆಂಗಳೂರಿನ ಮುಸ್ಲಿಂ ಹುಡುಗರ ಹೆಸರು ಮೇಲಿದೆ. ನಮ್ಮ ಪಠ್ಯಪುಸ್ತಕದಲ್ಲಿ ಇದನ್ನು ನಾನಂತೂ ಓದಿಲ್ಲ.

ಇದೇ ಕ್ಲಬ್ಬಿನಲ್ಲಿ ಆಡಿದ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದರು, 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ ಮೇಲೆ ಅಲ್ಲಿನ ಐವರು ಮುಂಚೂಣಿ ಆಟಗಾರರನ್ನು ಜನ 'ಪಂಚಪಾಂಡವರು' ಅಂತ ಕರೆದರು. ಅವರಲ್ಲಿ ಅಹ್ಮದ್ ಖಾನ್ ಒಬ್ಬರು. ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರು ತಂಡದ ಆಟಗಾರ. ಆ ಪಂದ್ಯ ಭಾರತ 1–2ರಲ್ಲಿ ಸೋತಿತು. ಮೈಸೂರು ರಾಜ್ಯ ತಂಡ 1946–47ರಲ್ಲಿ ಮೊದಲ ಬಾರಿ ಸಂತೋಷ್ ಟ್ರೋಫಿ ಗೆದ್ದಿತು. 1952–53, 1967–68, 1968–69ರಲ್ಲೂ ಕಪ್ ನಮ್ಮದೇ. ಆಮೇಲೆ? 54 ವರ್ಷ ಬರಗಾಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗಲೇ ಅದು ಮುಗಿದದ್ದು.

ಕಾರ್ಖಾನೆ ಕಟ್ಟಿದ ತಂಡ: ಐಟಿಐ

ಮೊಹಲ್ಲಾ ತಂಡಕ್ಕೆ ಪ್ರೀತಿ ಸಿಗುತ್ತೆ, ಸಂಬಳ ಸಿಗಲ್ಲ. ಸ್ವಾತಂತ್ರ್ಯದ ನಂತರ ಆ ಜಾಗ ತುಂಬಿದ್ದು ಸಾರ್ವಜನಿಕ ಉದ್ದಿಮೆಗಳು. ದೂರವಾಣಿನಗರದ ಐಟಿಐ ಶುರುವಾಗಿದ್ದು 1948ರಲ್ಲಿ. ಐಟಿಐ, ಎಚ್‌ಎಎಲ್‌ನಂಥ ಕಡೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕರೆ ಸಂಬಳ ಪಕ್ಕಾ, ಅಭ್ಯಾಸಕ್ಕೆ ಬಿಡುವೂ ಪಕ್ಕಾ. ಬಡ ಮನೆಯ ಹುಡುಗನಿಗೆ ಫುಟ್ಬಾಲ್ ಅನ್ನೋದು ಪಿಂಚಣಿ ಇರುವ ನೌಕರಿಯ ಬಾಗಿಲಾಯಿತು.

ಫಲ ಏನು ಗೊತ್ತಾ? ಕ್ಲಬ್‌ಗಳ ಫೆಡರೇಷನ್ ಕಪ್ ಮೊದಲ ಬಾರಿ ನಡೆದದ್ದು 1977ರಲ್ಲಿ, ಎರ್ನಾಕುಲಂನಲ್ಲಿ. ಗೆದ್ದದ್ದು ಕಲ್ಕತ್ತೆಯವರೂ ಅಲ್ಲ, ಗೋವಾದವರೂ ಅಲ್ಲ. ಟೆಲಿಫೋನ್ ಮಾಡುವ ಕಾರ್ಖಾನೆಯ ನೌಕರರ ತಂಡ ಐಟಿಐ, ಫೈನಲ್‌ನಲ್ಲಿ ಮೋಹನ್ ಬಗಾನನ್ನು 1–0ರಿಂದ ಮಣಿಸಿತು.

ಆದರೆ ಕ್ಲಬ್ಬಿನ ಉಸಿರು ಕಾರ್ಖಾನೆಯ ಉಸಿರಿಗೆ ಕಟ್ಟಿಬಿದ್ದಿತ್ತು. 1991ರ ಉದಾರೀಕರಣದ ನಂತರ ಐಟಿಐ ನಷ್ಟದ ಹಾದಿ ಹಿಡಿಯಿತು. ಹೊಸ ನೇಮಕಾತಿಯೇ ಇಲ್ಲದ ಮೇಲೆ ಕ್ರೀಡಾ ಕೋಟಾ ಎಲ್ಲಿಂದ ಬರಬೇಕು? ಎಚ್‌ಎಎಲ್ 2010–11ರಲ್ಲಿ ಐ-ಲೀಗ್‌ವರೆಗೂ ಹೋಯಿತು, ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಕಾಯಂ ನೌಕರಿ ಹೋಗಿ ಗುತ್ತಿಗೆ ಬಂದ ಕಥೆಯೂ ಕಾರ್ಖಾನೆ ಫುಟ್ಬಾಲ್ ಸೊರಗಿದ ಕಥೆಯೂ ಒಂದೇ. ಹನ್ನೆರಡು ಗಂಟೆ ಶಿಫ್ಟ್ ಮಾಡುವ ಗುತ್ತಿಗೆ ಕಾರ್ಮಿಕ ಸಂಜೆ ಯಾವ ಮೈದಾನಕ್ಕೆ ಹೋಗ್ತಾನೆ ಹೇಳಿ.

ಸಾಹುಕಾರ ಕಟ್ಟಿದ ತಂಡ: ಉಕ್ರೇನಿನ ಪಾಠ

ಕಾರ್ಖಾನೆ ತಂಡಗಳ ಈ ಕಥೆ ನಮ್ಮೊಬ್ಬರದ್ದೇ ಅಲ್ಲ. ಸೋವಿಯತ್ ಕಾಲದ ಉಕ್ರೇನಿನಲ್ಲಿ ಬಹುತೇಕ ಕ್ಲಬ್‌ಗಳು ದುಡಿಮೆಯ ಹೆಸರನ್ನೇ ಹೊತ್ತಿದ್ದವು. 'ಶಾಖ್ತಾರ್' ಅಂದರೆ ಗಣಿ ಕಾರ್ಮಿಕ, 'ಲೋಕೊಮೋಟಿವ್' ರೈಲ್ವೆಯವರದ್ದು, 'ಕೋಲೋಸ್' ರೈತರದ್ದು. ಕೋಲೋಸ್ ಅಂದರೆ ತೆನೆ. ನಮ್ಮಲ್ಲಿ ತೆನೆ ಅಂದರೆ ಒಂದು ಪಕ್ಷ ನೆನಪಾಗುತ್ತೆ, ಅಲ್ಲಿ ಹಳ್ಳಿ ಫುಟ್ಬಾಲ್ ನೆನಪಾಗುತ್ತೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಕಾರ್ಖಾನೆ, ಸಾಮೂಹಿಕ ಕೃಷಿ ವ್ಯವಸ್ಥೆ ಕುಸಿದಾಗ ಕ್ಲಬ್‌ಗಳು ಹೊಸ ಯಜಮಾನರನ್ನು ಹುಡುಕಬೇಕಾಯಿತು.

ಕೀವ್ ಪ್ರಾಂತ್ಯದ ಕೋವಲಿವ್ಕಾ ಎರಡು ಸಾವಿರ ಜನರೂ ಇಲ್ಲದ ಹಳ್ಳಿ. 2012ರಲ್ಲಿ ಅಲ್ಲಿ ಕೋಲೋಸ್ ಹೆಸರಿನ ಹವ್ಯಾಸಿ ಕ್ಲಬ್ ಶುರುವಾಯಿತು. ಹಿಂದಿದ್ದವರು ಕೃಷಿ ಉದ್ಯಮಿಯೊಬ್ಬರು. ಜಿಲ್ಲಾ ಮಟ್ಟದ ಪಂದ್ಯಗಳಿಂದ ಹೊರಟ ತಂಡ 2019ಕ್ಕೆ ದೇಶದ ಪ್ರೀಮಿಯರ್ ಲೀಗ್ ಮುಟ್ಟಿತು. 2020ರ ಸೆಪ್ಟೆಂಬರ್‌ನಲ್ಲಿ ಯುರೋಪಾ ಲೀಗ್ ಅರ್ಹತಾ ಸುತ್ತಿನಲ್ಲಿ ಗ್ರೀಸಿನ ಅರಿಸ್ ತಂಡವನ್ನು ಅದರ ನೆಲದಲ್ಲೇ ಸೋಲಿಸಿತು. ರಾಜಧಾನಿಯ ನೆರಳಿನಲ್ಲಿರುವ ಹಳ್ಳಿಯೊಂದು ಇಲ್ಲಿಗೆ ಬಂದು ನಿಂತದ್ದು ನಮ್ಮ ಗ್ರಾಮಾಂತರದವರಿಗೆ ಆಸೆ ಹುಟ್ಟಿಸುವ ಸಂಗತಿಯೇ.

ಆದರೆ ನಾಣ್ಯದ ಇನ್ನೊಂದು ಮುಖವೂ ಅದೇ ದೇಶದಲ್ಲಿದೆ. ನಿಪ್ರೋ ನಗರದ ಕ್ಲಬ್ 2015ರಲ್ಲಿ ಯುರೋಪಾ ಲೀಗ್ ಫೈನಲ್ ಆಡಿ ಸೆವಿಯ್ಯಾ ಎದುರು 2–3ರಲ್ಲಿ ಸೋತಿತು. ಮಾಲೀಕರ ದುಡ್ಡು ಬರೋದು ನಿಂತ ಮೇಲೆ ಸಾಲದಲ್ಲಿ ಮುಳುಗಿ, ಕೆಳಗಿನ ಡಿವಿಷನ್‌ಗೆ ಕುಸಿದು, 2019ರ ಹೊತ್ತಿಗೆ ಮುಚ್ಚಿಹೋಯಿತು. ಒಬ್ಬರ ಜೇಬಿನಿಂದ ಬದುಕುವ ಕ್ಲಬ್ ಆ ಜೇಬು ಇರೋವರೆಗೆ ಮಾತ್ರ. 2022ರ ಫೆಬ್ರವರಿಯಲ್ಲಿ ರಷ್ಯಾ ದಾಳಿ ಶುರುವಾದ ಮೇಲೆ ಮೈದಾನಗಳೂ ಉಳಿಯಲಿಲ್ಲ. ಚೆರ್ನಿಹಿವ್ ನಗರದ ಸ್ಟೇಡಿಯಂ ಮಾರ್ಚ್‌ನಲ್ಲೇ ಬಾಂಬಿಗೆ ಸಿಕ್ಕಿತು.

ನಮ್ಮ ನಾಲ್ಕು ತಾಲೂಕು: ಲೆಕ್ಕ ಹಾಕೋಣ

ನಮ್ಮಲ್ಲಿ ಯುದ್ಧವಿಲ್ಲ. ಆದರೂ ಮೈದಾನ ಸದ್ದಿಲ್ಲದೆ ಕರಗುತ್ತೆ. ಬೆಂಗಳೂರು ಜಿಲ್ಲೆ ಒಡೆದು ಗ್ರಾಮಾಂತರ ಜಿಲ್ಲೆ ಆದದ್ದು 1986ರಲ್ಲಿ. 2007ರಲ್ಲಿ ರಾಮನಗರ ಬೇರೆಯಾಗಿ ನಾವು ನಾಲ್ಕು ತಾಲೂಕಿನವರು ಉಳಿದುಕೊಂಡೆವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ಮೇಲೆ ಭೂಮಿ ಅನ್ನೋದು ಬೆಳೆಯುವ ವಸ್ತು ಅನ್ನೋದಕ್ಕಿಂತ ಅಳೆಯುವ ವಸ್ತುವಾಯಿತು.

ಈಗ ಅಳತೆಯ ಭಾಷೆಯಲ್ಲೇ ಮಾತಾಡೋಣ. ಅಂತರರಾಷ್ಟ್ರೀಯ ಫುಟ್ಬಾಲ್ ಮೈದಾನದ ಸಾಮಾನ್ಯ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್, ಹತ್ತಿರ ಹತ್ತಿರ 1 ಎಕರೆ 30 ಗುಂಟೆ. ಚದರ ಅಡಿಗೆ ತಂದರೆ ಸುಮಾರು 76,850. 30×40 ಸೈಟು 1,200 ಚದರ ಅಡಿ. ರಸ್ತೆ ಬಿಡದೆ ಲೆಕ್ಕ ಹಾಕಿದರೆ ಒಂದು ಮೈದಾನದಲ್ಲಿ 64 ಸೈಟು! ನಮ್ಮ ಕಡೆ ಸೈಟಿನ ರೇಟು ನಿಮಗೇ ಗೊತ್ತು. 22 ಜನ ಒಂದೂವರೆ ಗಂಟೆ ಪುಕ್ಕಟೆ ಓಡಾಡೋಕೆ 64 ಸೈಟು ಖಾಲಿ ಬಿಡೋದು ಮಾರುಕಟ್ಟೆಯ ಕಣ್ಣಲ್ಲಿ ಹುಚ್ಚುತನ. ಅದಕ್ಕೇ ಮೈದಾನ ಉಳಿಸೋದು ರಾಜಕೀಯ ಕೆಲಸ.

ನಮ್ಮ ಹಳ್ಳಿಗಳಲ್ಲಿ ಹುಡುಗರು ಆಡ್ತಿದ್ದದ್ದು ಗೋಮಾಳದಲ್ಲಿ, ಗುಂಡುತೋಪಿನಲ್ಲಿ, ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳದಲ್ಲಿ. ಯಾರಪ್ಪನದ್ದೂ ಅಲ್ಲದ, ಹಾಗಾಗಿ ಎಲ್ಲರದ್ದೂ ಆದ ಜಾಗ. ಆದರೆ ಅಲ್ಲಿ ಆಡೋಕೆ ಯಾರೂ ಬರೆದು ಕೊಟ್ಟ ಹಕ್ಕಿರಲಿಲ್ಲ. ದಂಡಿನ ಕೇರಿಗಳ ಪಕ್ಕದಲ್ಲಿ ರೆಜಿಮೆಂಟಿನ ಮೈದಾನಗಳಿದ್ದವು, ಟೂರ್ನಿಗಳಿದ್ದವು, ಆಮೇಲೆ ನೌಕರಿ ಕೊಡುವ ಕಾರ್ಖಾನೆಗಳೂ ಬಂದವು. ನಮ್ಮ ಕಡೆ ಹೊಲವಿತ್ತು, ಮಗ್ಗವಿತ್ತು, ಬಿಡುವಿರಲಿಲ್ಲ. ಫುಟ್ಬಾಲ್ ಇತ್ತ ದಾಟದ್ದಕ್ಕೆ ಇದೇ ಮುಖ್ಯ ಕಾರಣ ಅಂತ ನನ್ನ ಅಂದಾಜು. ಪ್ರತಿಭೆಯ ಕೊರತೆ ಅಂತ ಯಾರಾದರೂ ಅಂದರೆ ನಂಬಬೇಡಿ.

ನೆಲ ಉಳಿಸೋದು ಆಗದ ಕೆಲಸ ಅಂತಲೂ ಹೇಳಬೇಡಿ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಅನ್ನದ ನೆಲಕ್ಕಾಗಿ ಅಷ್ಟು ಮಾಡಿದ ಜಿಲ್ಲೆ ಆಟದ ನೆಲಕ್ಕಾಗಿ ಒಂದು ಅರ್ಜಿಯನ್ನಾದರೂ ಹಾಕಬಹುದು.

ಕ್ಲಬ್ ಕಟ್ಟೋಕೆ ಹೊರಟವರಿಗೆ

ನಾಲ್ಕೂ ಕಥೆ ಒಂದೇ ಮಾತು ಹೇಳುತ್ತವೆ: ಹೊರಗಿನ ಆಸರೆ ತಂಡವನ್ನು ಮೇಲಕ್ಕೆ ಎತ್ತುತ್ತೆ, ಆದರೆ ಉಳಿಸೋದು ಸ್ವಂತ ನೆಲ ಮತ್ತು ಸದಸ್ಯರ ಹಿಡಿತ. ಹಾಗಾಗಿ ಕೆಲಸ ಜೆರ್ಸಿಯಿಂದ ಶುರುವಾಗಬಾರದು, ಪಹಣಿಯಿಂದ ಶುರುವಾಗಬೇಕು. ನೀವು ಆಡುವ ಜಾಗ ಯಾರ ಹೆಸರಲ್ಲಿದೆ ನೋಡಿ. ಸರ್ಕಾರದ್ದಾದರೆ ಆಟದ ಮೈದಾನ ಅಂತ ಕಾಯ್ದಿರಿಸಲು ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆ 1985ರ ರಾಜ್ಯ ಕಾಯ್ದೆಯೇ ಇದೆ. ನಿಮ್ಮ ಊರಿನಲ್ಲಿ ಯಾವ್ಯಾವ ಮೈದಾನ ದಾಖಲೆಯಲ್ಲಿವೆ ಅಂತ ಸ್ಥಳೀಯ ಸಂಸ್ಥೆಗೆ ಆರ್‌ಟಿಐ ಹಾಕಿ ಕೇಳಿ. ಶಾಲೆಗೆ ಆಟದ ಮೈದಾನ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತೆ.

ಆಮೇಲೆ ಸಂಘ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಾಕು. ಸದಸ್ಯತ್ವ ಶುಲ್ಕ ಹತ್ತು ರೂಪಾಯಿ ಆದರೂ ಸರಿ, ವರ್ಷಕ್ಕೊಂದು ಸರ್ವಸದಸ್ಯರ ಸಭೆ, ಲೆಕ್ಕಪತ್ರ ಇರಲಿ. ಶಾಸಕರಿಂದ ಜೆರ್ಸಿ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಕ್ಲಬ್ಬಿನ ಹೆಸರಲ್ಲಿ ಅವರ ಹೆಸರು ಬೇಡ, ಅವರ ಚುನಾವಣೆ ಮುಗಿದ ದಿನ ನಿಮ್ಮ ಕ್ಲಬ್ಬೂ ಮುಗಿಯುತ್ತೆ. ಈ ಲೇಖನದಲ್ಲಿ ಬಂದ ಆಟಗಾರರ ಹೆಸರೆಲ್ಲ ಗಂಡಸರದ್ದೇ ಅನ್ನೋದನ್ನೂ ಗಮನಿಸಿ. ಹೊಸ ಕ್ಲಬ್ ಕಟ್ಟುವವರು ಮೊದಲ ದಿನವೇ ಹುಡುಗಿಯರ ತಂಡವನ್ನೂ ಕಟ್ಟಲಿ.

ಕೊನೆಯದು, ಬರೆದಿಡೋದು. ಉಕ್ರೇನಿನ ಹಳ್ಳಿ ಕ್ಲಬ್ಬಿನ ಚರಿತ್ರೆ ಜಗತ್ತಿಗೆ ಗೊತ್ತಾದದ್ದು ಅಲ್ಲಿನ ಪಂದ್ಯಗಳು, ಸ್ಕೋರುಗಳು, ವರ್ಷಗಳು ದಾಖಲಾದದ್ದರಿಂದ. ನಮ್ಮ ಊರುಗಳಲ್ಲಿ ಯಾವ ಯುವಕ ಸಂಘ ಯಾವ ವರ್ಷ ಯಾರ ವಿರುದ್ಧ ಆಡಿತು ಅನ್ನೋದು ಇನ್ನೂ ವಯಸ್ಸಾದವರ ನೆನಪಿನಲ್ಲೇ ಇದೆ. ಈ ಭಾನುವಾರ ಅವರಲ್ಲಿ ಒಬ್ಬರನ್ನು ಕೂರಿಸಿಕೊಂಡು, ಫೋನಿನ ರೆಕಾರ್ಡರ್ ಆನ್ ಮಾಡಿ, ಕೇಳಿ: "ನೀವು ಆಡ್ತಿದ್ದ ಜಾಗ ಎಲ್ಲಿತ್ತು? ಈಗ ಅಲ್ಲಿ ಏನಿದೆ?"