ಗಂಜಾಮಿನ ದೊಡ್ಡಸ್ವಾಮಿ

ಶಿಂಷಾ ಹೊಳೆಯ ದಡದಲ್ಲಿರುವ ನಮ್ಮ ವೈದ್ಯನಾಥಪುರಕ್ಕೆ ಜನ ಕಾಯಿಲೆ ಕಸಾಲೆ ವಾಸಿಯಾಗಲೆಂದು ಹರಕೆ ಹೊತ್ತು ಬರುತ್ತಾರೆ. ಹೊಳೆಯಲ್ಲಿ ಮಿಂದು, ವೈದ್ಯನಾಥೇಶ್ವರನಿಗೆ ಕೈಮುಗಿದು ಹೋಗುವವರನ್ನು ನೋಡುತ್ತಲೇ ಬೆಳೆದ ಕ್ರೈಸ್ತ ನಾನು. ಅದಕ್ಕೇ ಇರಬೇಕು, ನಮ್ಮವರ ದಾನಧರ್ಮದ ಚರಿತ್ರೆಯ ಮಾತು ಬಂದರೆ ಕಟ್ಟಿದ ಗೋಪುರ, ಕೊಟ್ಟ ಗಂಟೆಗಳಿಗಿಂತ ಮೊದಲು ನನಗೆ ನೆನಪಾಗುವುದು ಸಿಡುಬಿನ ದಾಕು, ಅದನ್ನು ಹಾಕಿಸಿದ, ಶ್ರೀರಂಗಪಟ್ಟಣದ ಗಂಜಾಮಿನ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ.

1799ರ ಮಾರ್ಚಿನಲ್ಲಿ ಮಳವಳ್ಳಿ ಬಯಲಿನ ಕಾಳಗದಲ್ಲಿ ಟಿಪ್ಪುವಿನ ಸೇನೆ ಸೋತಿತು. ಮೇ 4ರಂದು ಶ್ರೀರಂಗಪಟ್ಟಣವೇ ಬಿತ್ತು. ರಾಜಧಾನಿ ಮೈಸೂರಿಗೆ ಹೋಯಿತು. ಪಟ್ಟಣದಲ್ಲಿ ಪಾಳು ಮನೆಗಳೂ ಚಳಿಜ್ವರವೂ ಉಳಿದವು. 1784ರಲ್ಲಿ ಟಿಪ್ಪು ಮಂಗಳೂರು ಕಡೆಯಿಂದ ಸೆರೆ ತಂದ ಕ್ರೈಸ್ತರಲ್ಲಿ ಬದುಕುಳಿದವರು ದಿಕ್ಕಿಗೊಬ್ಬರಾಗಿದ್ದರು. ಅಂಥವರನ್ನು ಒಟ್ಟುಮಾಡಲು ಬಂದವರು ದುಬ್ವಾ. ಫ್ರಾನ್ಸಿನ ಆರ್ದೆಶ್ ಸೀಮೆಯವರು, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಗುರು. ಭಾರತಕ್ಕೆ ಬಂದದ್ದು 1792ರಲ್ಲಿ. ತಲೆಗೆ ರುಮಾಲು, ಮೈಗೆ ನಿಲುವಂಗಿ, ಕೈಯಲ್ಲಿ ಬಿದಿರುಕೋಲು, ಊಟಕ್ಕೆ ಸಸ್ಯಾಹಾರ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದೇ ಕರೆದರು.

ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ದಾಕನ್ನು ಮೊದಲು ಪ್ರಯೋಗಿಸಿದ್ದು 1796ರಲ್ಲಿ. ಅದು ಮುಂಬಯಿಗೆ ಬಂದು ನಾಟಿಕೊಂಡದ್ದು 1802ರ ಜೂನಿನಲ್ಲಿ. 1803–04ರ ಹೊತ್ತಿಗೆ ಮೈಸೂರು ಸೀಮೆಯಲ್ಲಿ ದುಬ್ವಾ ಮತ್ತು ಅವರ ಕೈಕೆಳಗಿನವರು 25 ಸಾವಿರಕ್ಕೂ ಹೆಚ್ಚು ಜನರಿಗೆ ದಾಕು ಹಾಕಿದ್ದರು. ಈ ಸಂಖ್ಯೆಯ ಹಿಂದಿನ ದುಡಿಮೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಔಷಧಿಯನ್ನು ಕೆಡದಂತೆ ಇಡುವ ತಣ್ಣನೆಯ ಪೆಟ್ಟಿಗೆ ಇರಲಿಲ್ಲ. ಒಂದು ಮಗುವಿನ ತೋಳಿನ ಮೇಲೆ ಸಣ್ಣ ಚೂರಿಯ ಮೊನೆಯಿಂದ ಗೀರಿ ದಾಕು ಹಾಕಿದರೆ, ಎಂಟನೆಯ ದಿನದ ಹೊತ್ತಿಗೆ ಅಲ್ಲಿ ಗುಳ್ಳೆ ತುಂಬಿಕೊಳ್ಳುತ್ತಿತ್ತು. ಆ ರಸವನ್ನೇ ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕಬೇಕು, ಪಕ್ಕದ ಮನೆಯ ಒಲೆಯಿಂದ ಕೆಂಡ ತಂದು ನಮ್ಮ ಒಲೆ ಹೊತ್ತಿಸಿದ ಹಾಗೆ. ನಡುವೆ ಒಂದು ವಾರ ಯಾರೂ ಸಿಗದಿದ್ದರೆ ಆ ಸರಪಳಿಯೇ ಕಡಿದುಹೋಗುತ್ತಿತ್ತು.

ತೊಡಕು ಅಷ್ಟೇ ಅಲ್ಲ. ಸಿಡುಬು ಎಂದರೆ ಮನೆಗೆ ಅಮ್ಮ ಬಂದ ಹಾಗೆ. ಅವಳನ್ನು ತಡೆಯಲು ನಾವು ಯಾರು ಎಂಬ ಭಯಭಕ್ತಿ ಜನರದು. ಅದಕ್ಕಿಂತ ಕಠಿಣವಾದದ್ದು, ಯಾವ ಜಾತಿಯ ಮಗುವಿನ ತೋಳಿನ ರಸ ಯಾವ ಜಾತಿಯ ಮಗುವಿನ ಮೈ ಸೇರುತ್ತದೆ ಎಂಬ ಪ್ರಶ್ನೆ. ಪರದೇಶದ ಪಾದ್ರಿಯೊಬ್ಬರ ಮಾತಿಗೆ ತಾಯಂದಿರು ಮಗುವಿನ ತೋಳು ಒಡ್ಡಿದರೆಂದರೆ, ಅಷ್ಟು ವರ್ಷ ಅವರು ಜನರ ನಡುವೆ ಬದುಕಿದ ರೀತಿಯೇ ಅದಕ್ಕೆ ಕಾರಣವೆಂದು ನಾನು ನಂಬುತ್ತೇನೆ. ಅರಮನೆಯ ಬೆಂಬಲವೂ ಈ ಕೆಲಸಕ್ಕಿತ್ತು. 1805ರ ಸುಮಾರಿನಲ್ಲಿ ತಾಮಸ್ ಹಿಕಿ ಬರೆದ ಚಿತ್ರವೊಂದರಲ್ಲಿ ಎಳೆಯ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ತೋರಿಸುತ್ತಿರುವುದು ದಾಕಿನ ತೋಳನ್ನೇ ಎಂದು ಇತಿಹಾಸಕಾರ ನೈಜಲ್ ಚಾನ್ಸಲರ್ ವಾದಿಸಿದ್ದಾರೆ.

ನಮ್ಮವ್ವ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುತ್ತಿದ್ದಳು. ತಿಂಗಳ ಕೊನೆಗೆ ಅದು ಚರ್ಚಿಗೆ ಹೋಗಿ, ಅಲ್ಲಿಂದ ಗತಿಯಿಲ್ಲದ ಮನೆಗೆ ಹೋಗುತ್ತಿತ್ತು. ಆ ಹಿಡಿ ಅಕ್ಕಿಯ ಮೇಲೆ ನನಗೆ ಅಪಾರ ಗೌರವ. ಆದರೆ ಅದು ಬಹುಮಟ್ಟಿಗೆ ನಮ್ಮವರಿಂದ ನಮ್ಮವರಿಗೇ ತಲುಪುವ ದಾನ. ದುಬ್ವಾ ಸ್ವಾಮಿಗಳೂ ನಮ್ಮವರಿಗಾಗಿ ಮಾಡಿದ್ದುಂಟು: ಬಡ ಕ್ರೈಸ್ತರು ಉತ್ತು ಬಿತ್ತು ಬದುಕಲೆಂದು ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿದರು. ದಾಕು ಮಾತ್ರ ಚರ್ಚಿನ ಗೋಡೆಯ ಆಚೆಗೆ ಹೋಯಿತು. ಅದನ್ನು ಹಾಕಿಸಿಕೊಂಡವರಲ್ಲಿ ಬಹುಪಾಲು ಜನ ಆ ಚರ್ಚಿನ ಹೊಸಿಲನ್ನು ಎಂದೂ ತುಳಿದವರಲ್ಲ.

ದುಬ್ವಾ ಅವರನ್ನು ದೇವಮಾನವ ಮಾಡುವುದು ನನಗೆ ಬೇಕಿಲ್ಲ. ಇಲ್ಲಿನ ಜನರ ನಡೆನುಡಿಯ ಬಗ್ಗೆ ಅವರು ಬರೆದ ಹೆಸರಾಂತ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹಕ್ಕೆ ಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ನನ್ನ ನೆರೆಹೊರೆಯವರನ್ನು ನೋಯಿಸುವ ಮಾತುಗಳಿವೆ. ಅವನ್ನು ಓದುವಾಗ ನನಗೂ ನೋವಾಗಿದೆ.

ಆದರೂ ಅವರ ಬಾಳಿನಲ್ಲಿ ನನ್ನನ್ನು ಬಿಡದೆ ಕಾಡುವ ಸಂಗತಿ ಬೇರೆ. 1823ರಲ್ಲಿ ಹಿಂದಿರುಗಿದ ಮೇಲೆ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ತಮ್ಮ ಪತ್ರಗಳನ್ನು ಪ್ರಕಟಿಸಿದರು. ಮತಾಂತರದ ಕೆಲಸ ಇಲ್ಲಿ ಸೋತಿದೆ, ಗೆಲ್ಲುವ ಭರವಸೆಯೂ ಇಲ್ಲ ಎಂದು ಅವುಗಳಲ್ಲಿ ನೇರವಾಗಿ ಬರೆದರು. ಇತರ ಮಿಷನರಿಗಳು ಸಿಟ್ಟಿನಿಂದ ಉತ್ತರ ಕೊಟ್ಟರು. ದುಬ್ವಾ ಅವರ ತೀರ್ಮಾನ ಸರಿಯೇ ತಪ್ಪೇ ಎಂಬುದನ್ನು ಬದಿಗಿಡೋಣ. ಸಭೆ ಬೆಳೆಯುವ ಆಸೆ ಕೈಬಿಡುತ್ತ ಬಂದ ಮನುಷ್ಯ 31 ವರ್ಷ ಇಲ್ಲೇ ಇದ್ದು ದುಡಿದರು. ಯೇಸು ಹೇಳಿದ ಸಮಾರ್ಯದವನ ಸಾಮತಿಯಲ್ಲೂ ಹಾಗೇ, ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿದವನು ಅವನ ದೇವರು ಯಾರೆಂದು ಕೇಳಲಿಲ್ಲ, ವಾಸಿಯಾದ ಮೇಲೆ ತನ್ನ ಹಿಂದೆ ಬಾ ಎಂದೂ ಹೇಳಲಿಲ್ಲ. ತಪಸ್ಸುಕಾಲದಲ್ಲಿ ನಾವು ಕಾಣಿಕೆ ಡಬ್ಬಿಗೆ ಹಾಕುವ ಹಣವನ್ನು ಈ ಅಳತೆಗೆ ಹಿಡಿದು ನೋಡಬೇಕೆಂದು ನನ್ನ ಆಸೆ.

ಪ್ಯಾರಿಸ್ಸಿಗೆ ಮರಳಿದ ದುಬ್ವಾ ತಮ್ಮ ಸಂಘದ ಗುರುಮಠದಲ್ಲೇ ಉಳಿದು, ಕೆಲಕಾಲ ಅದರ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡರು. ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್, ಗುಂಬಜ್ ನೋಡಿಕೊಂಡು ಸಂಗಮದಲ್ಲಿ ಮಿಂದು ಬರುತ್ತಾರೆ. ಅದೇ ದಾರಿಯಲ್ಲಿ ಗಂಜಾಮಿನ ಚರ್ಚಿಗೂ ಒಮ್ಮೆ ಹೋಗಿ ಬನ್ನಿ. ಜೊತೆಗೆ ಮಕ್ಕಳಿದ್ದರೆ, ತೋಳಿನಿಂದ ತೋಳಿಗೆ ಸಾಗಿದ ಆ ದಾಕಿನ ಕಥೆ ಹೇಳಿ.