ಮಣ್ಣಿನ ಕಥೆ, ಭಾಗ 4: ಬೂಷ್ಟು ಬಂತು ಅಂತ ಒಣ ಪೊರಕೆ ಹಿಡೀಬೇಡಿ

ಮೊದಲನೇ ಫೋಟೋ ಝೂಮ್ ಮಾಡಿ. ಮಣ್ಣು ನಾದೋ ಟೇಬಲ್‌ಗೆ ಹೊದಿಸಿರೋ ಕ್ಯಾನ್ವಾಸ್ ಬಟ್ಟೆ, ಅದರ ಅಂಚಲ್ಲಿ ಕಪ್ಪು ಚುಕ್ಕೆಗಳು. ಬೂಷ್ಟು. ಹತ್ತು ಜನ ಒಂದೇ ಟೇಬಲ್ ಹಂಚಿಕೊಳ್ಳೋ ಪಾಟರಿ ಸ್ಟುಡಿಯೋದಲ್ಲಿ ಮಳೆಗಾಲಕ್ಕೆ ಇದು ಮಾಮೂಲು. ಆಗ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ: "ನೀರು ಹಾಕಿ ಒರೆಸೋದಕ್ಕೇ ಹೀಗಾಗೋದು, ಒಣ ಬ್ರಷ್‌ನಲ್ಲಿ ಗುಡಿಸಿಬಿಡಿ." ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಮಣ್ಣಿನ ಕೆಲಸದಲ್ಲಿ ಒಣ ಧೂಳಿಗೆ ಯಾಕೆ ಅಷ್ಟು ಹೆದರ್ತಾರೆ ಅನ್ನೋದಕ್ಕೆ ಮುನ್ನೂರು ವರ್ಷದ ಕಥೆ ಇದೆ.

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್, ಸುಮಾರು 1720. ಚೀನಾದ ಪೋರ್ಸಲಿನ್ ನೋಡಿ ಯುರೋಪಿನವರಿಗೆ ಬಿಳಿ ಪಾತ್ರೆ ಹುಚ್ಚು ಹಿಡಿದಿತ್ತು. ಅಲ್ಲಿನ ಕುಂಬಾರರು ಚಕಮಕಿ ಕಲ್ಲನ್ನ ಸುಟ್ಟು, ಪುಡಿ ಮಾಡಿ ಮಣ್ಣಿಗೆ ಬೆರೆಸೋಕೆ ಶುರು ಮಾಡಿದ್ರು. ಪಾತ್ರೆ ಬೆಳ್ಳಗಾಯ್ತು. ಆದ್ರೆ ಆ ಪುಡಿ ಅಂದ್ರೆ ಸಿಲಿಕಾ, ಶ್ವಾಸಕೋಶದೊಳಗೆ ಹೋಗಿ ಕೂತ್ರೆ ಮತ್ತೆ ಹೊರಗೆ ಬರಲ್ಲ. ಕಲ್ಲು ಪುಡಿ ಮಾಡೋರು ಸಾಯ್ತಾ ಇದ್ರು. 1726ರಲ್ಲಿ ಥಾಮಸ್ ಬೆನ್ಸನ್ ಕಲ್ಲನ್ನ ನೀರಲ್ಲೇ ಅರೆಯೋ ವಿಧಾನಕ್ಕೆ ಪೇಟೆಂಟ್ ತಗೊಂಡ. ಕಬ್ಬಿಣದ ಅಂಶ ಬೆರೆತು ಬಣ್ಣ ಕೆಡ್ತಾ ಇತ್ತು ಅಂತ 1732ರ ಎರಡನೇ ಪೇಟೆಂಟ್‌ನಲ್ಲಿ ಕಬ್ಬಿಣದ ಬದಲು ಕಲ್ಲು ಬಳಸಿದ.

ಅಲ್ಲಿಗೆ ಮುಗೀಲಿಲ್ಲ. ಅರೆಯೋದು ಒದ್ದೆಯಾಯ್ತು ಅಷ್ಟೇ. ಟೇಬಲ್, ನೆಲ, ಏಪ್ರನ್ ಮೇಲೆ ಬಿದ್ದ ಮಣ್ಣು ಒಣಗಿದ್ರೆ ಮತ್ತೆ ಧೂಳು. ಸುಡೋವಾಗ ಪಾತ್ರೆ ಸೊಟ್ಟ ಆಗದಿರಲಿ ಅಂತ ಒಣ ಚಕಮಕಿ ಪುಡಿಯಲ್ಲೇ ಹೂತಿಡ್ತಿದ್ರು. ಆ ಸೀಮೆಯ ಜನ ಈ ಕಾಯಿಲೆಗೆ "ಪಾಟರ್ಸ್ ರಾಟ್" ಅಂತ ಹೆಸರೇ ಇಟ್ಟಿದ್ರು. ಆ ಪುಡಿಯಲ್ಲಿ ಹೂತಿಡೋದನ್ನ ಬ್ರಿಟನ್ ಕಾನೂನು ಮಾಡಿ ನಿಲ್ಲಿಸಿದ್ದು 1947ರಲ್ಲಿ! (ನಮ್ಮ ಕಾಮರ್ಸ್ ಗ್ಯಾಂಗ್‌ಗೆ: 1772ರಲ್ಲಿ ಜೋಸೈಯಾ ವೆಜ್‌ವುಡ್ ತನ್ನ ಪಾತ್ರೆಗಳ ಖರ್ಚನ್ನ ಬಿಡಿಬಿಡಿಯಾಗಿ ಲೆಕ್ಕ ಹಾಕಿದ್ದು ಕಾಸ್ಟ್ ಅಕೌಂಟಿಂಗ್ ಇತಿಹಾಸದಲ್ಲಿ ಫೇಮಸ್. ಕೆಲಸಗಾರನ ಶ್ವಾಸಕೋಶನ ಯಾವ ಕಾಲಂಗೆ ಹಾಕೋದು ಅನ್ನೋದು ನನ್ನ ಪ್ರಶ್ನೆ.)

ಇವತ್ತಿನ ಸ್ಟುಡಿಯೋ ಮಣ್ಣಲ್ಲೂ ಸಿಲಿಕಾ ಇದೆ. ಅದಕ್ಕೇ ಒದ್ದೆ ಸ್ಪಂಜು. ಒದ್ದೆ ಇದ್ದಲ್ಲಿ ಬೂಷ್ಟು. ಅದು ಜೇಡಿಮಣ್ಣಿನ ಖನಿಜ ತಿನ್ನಲ್ಲ. ಹತ್ತಿ ಬಟ್ಟೆ, ಮರದ ಹಲಗೆ, ಮಣ್ಣಲ್ಲಿರೋ ಎಲೆ-ಬೇರಿನ ಅಂಶ, ಇವೇ ಅದರ ಊಟ. ಮಣ್ಣಿನ ಚೀಲದೊಳಗೆ ಬಂದ್ರೆ ಕುಂಬಾರರು ತಲೆ ಕೆಡಿಸಿಕೊಳ್ಳಲ್ಲ, ಹಳೇ ಹುಳಿ ವಾಸನೆಯ ಮಣ್ಣೇ ಚೆನ್ನಾಗಿ ಬಾಗುತ್ತೆ ಅಂತಾರೆ. ಆದ್ರೆ ಟೇಬಲ್ ಮೇಲಿನ ಬೂಷ್ಟನ್ನ ಒಣ ಬ್ರಷ್‌ನಲ್ಲಿ ಉಜ್ಜಿದ್ರೆ ಅದರ ಬೀಜಕಣ, ಸಿಲಿಕಾ ಎರಡೂ ಒಟ್ಟಿಗೆ ಗಾಳಿಗೆ. ಪಕ್ಕದಲ್ಲಿ ಅಸ್ತಮಾ ಇರೋರು ಕೂತಿದ್ರೆ?

ಹಾಗಾಗಿ ಒರೆಸೋದು ಬಿಡೋ ಹಾಗಿಲ್ಲ, ಒರೆಸಿದ್ಮೇಲೆ ಒಣಗಿಸಬೇಕು. ಒದ್ದೆ ಟೇಬಲ್ ಮೇಲೆ ಪ್ಲಾಸ್ಟಿಕ್ ಮುಚ್ಚಿ ಮನೆಗೆ ಹೋಗ್ಬೇಡಿ. ಪಿಓಪಿ ಹಲಗೆಯನ್ನ ಗೋಡೆಗೆ ನಿಲ್ಲಿಸಿ, ಎರಡೂ ಕಡೆ ಗಾಳಿ ಆಡಲಿ. ಅದನ್ನ ಕೆರೆಯೋಕೆ ಹೋದ್ರೆ ಚೂರು ಮಣ್ಣಿಗೆ ಸೇರಿ, ಸುಟ್ಟ ಮೇಲೆ ಪಾತ್ರೆಯಿಂದ ಚಕ್ಕೆ ಎದ್ದು ಬರುತ್ತೆ. ಕ್ಯಾನ್ವಾಸ್ ಕೊಡವಬೇಡಿ, ನೇರ ಬಕೆಟ್ ನೀರಿಗೆ ಹಾಕಿ, ಒಗೆದು ಬಿಸಿಲಿಗೆ ಹರಡಿ. ಆಗುತ್ತೆ ಅಂದ್ರೆ ಕ್ಯಾನ್ವಾಸ್ ತೆಗೆದು ಸಿಮೆಂಟ್ ಬೋರ್ಡ್ ಹಾಕ್ಸಿ, ಅದರಲ್ಲಿ ಬೂಷ್ಟಿಗೆ ತಿನ್ನೋಕೆ ಜಾಸ್ತಿ ಏನೂ ಸಿಗಲ್ಲ.

ಇನ್ನೊಂದು, ಇದು ಸೀರಿಯಸ್. ಮಣ್ಣು ಅಂಟಿಸೋಕೆ ಸ್ಟುಡಿಯೋದಲ್ಲಿ ವಿನೆಗರ್ ಇಟ್ಟಿರ್ತಾರೆ. ಬೂಷ್ಟಿಗೆ ಅಂತ ಬ್ಲೀಚ್ ತಂದವರು ಎರಡನ್ನೂ ಒಂದೇ ಟೇಬಲ್ ಮೇಲೆ ಸುರೀಬೇಡಿ. ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, 1915ರಲ್ಲಿ ಬೆಲ್ಜಿಯಂನ ಈಪರ್ ಯುದ್ಧಭೂಮಿಯಲ್ಲಿ ಜರ್ಮನ್ ಸೈನ್ಯ ಬಿಟ್ಟಿತ್ತಲ್ಲ, ಅದೇ ಗ್ಯಾಸ್.